ನಾಲಿಗೆಯ ಬಿಳಿ ಮಚ್ಚೆ: ವೈದ್ಯರು ನೋಡಿ ಏನೂ ಇಲ್ಲ ಎಂದ ಮೇಲೂ ಬಯಾಪ್ಸಿ ಬೇಕೇ?

ನಾಲಿಗೆಯ ಬದಿಯಲ್ಲಿ ಬಿಳಿ ಮಚ್ಚೆ, ಎಲೆ ಅಡಿಕೆಯ ಅಭ್ಯಾಸ, ಹಲ್ಲು ತಾಗಿ ಆದದ್ದು ಎಂದ ದಂತವೈದ್ಯರು. ಇನ್ನೂ ಅನುಭವಿಗಳಿಗೆ ತೋರಿಸಲೇ ಎಂದು ಕೇಳಿದ್ದೀರಿ. ನನಗೂ ಅದೇ ಜಾಗದಲ್ಲಿತ್ತು, ನಾನೂ ಅದೇ ಮಾತು ಕೇಳಿದ್ದೆ.

ಅಡಿಕೆ ತೋಟದ ಮನೆಯವನು ನಾನು. ಊಟವಾದ ಮೇಲೆ ಹೊಗೆಸೊಪ್ಪಿನ ಕವಳ ತಪ್ಪುತ್ತಿರಲಿಲ್ಲ. ಮಚ್ಚೆ ನೋಯುತ್ತಿರಲಿಲ್ಲ, ಉಜ್ಜಿದರೆ ಹೋಗುತ್ತಲೂ ಇರಲಿಲ್ಲ. ವೈದ್ಯರು ಪಕ್ಕದ ದವಡೆ ಹಲ್ಲಿನ ಚೂಪು ಅಂಚನ್ನು ಸವೆಸಿ ಕಳುಹಿಸಿದರು. ಅಲ್ಲಿಯವರೆಗೆ ಎಲ್ಲವೂ ಸರಿ. ದುಬಾರಿಯಾದದ್ದು ಆಮೇಲಿನದು, ಅದನ್ನು ಬಿಡಿಸಿ ಹೇಳುತ್ತೇನೆ. ಹಲ್ಲು ತಾಗಿ ದಪ್ಪಗಟ್ಟಿದ್ದಾದರೆ, ತಾಗುವುದು ನಿಂತ ಮೇಲೆ ಎರಡು ವಾರಗಳಲ್ಲಿ ಅದು ಕರಗತೊಡಗಬೇಕು. ಕರಗದಿದ್ದರೆ ಹಲ್ಲಿನ ಮೇಲೆ ಹೊರೆ ಹಾಕುವಂತಿಲ್ಲ, ತುಣುಕು ತೆಗೆದು ಪರೀಕ್ಷೆಗೆ ಕಳುಹಿಸಬೇಕು. ಅದೇ ಬಯಾಪ್ಸಿ. ಹಲ್ಲು ಸವೆಸುವುದೇ ಒಂದು ಪರೀಕ್ಷೆ. ಎರಡು ವಾರದ ನಂತರ ಬಾಯಿ ತೆರೆದು ನೋಡಿದಾಗ ಅದರ ಫಲಿತಾಂಶ ಸಿಗುತ್ತದೆ. ಮತ್ತೆ ಬನ್ನಿ ಎಂದು ಅವರು ಹೇಳಲಿಲ್ಲ, ನಾನು ಹೋಗಲಿಲ್ಲ. ಕಾರಣ ಗೊತ್ತಾಗಿದೆಯಲ್ಲ ಎಂದು ಮಚ್ಚೆಯನ್ನು ನೋಡುವುದನ್ನೇ ಬಿಟ್ಟೆ. ನಡುವೆ ಕೆಂಪು ಮೂಡಿದ ಮೇಲೆ ಬಯಾಪ್ಸಿಯಾಯಿತು. ಅಷ್ಟರಲ್ಲಿ ಕ್ಯಾನ್ಸರ್ ಆಗಿತ್ತು. ನಾಲಿಗೆಯ ಒಂದು ಭಾಗವನ್ನೂ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದರು. ಈಗಲೂ ಳಕಾರ ಸರಿಯಾಗಿ ಹೊರಡುವುದಿಲ್ಲ.

ಹೀಗಾಗಿ ಯಾರ ಕಣ್ಣು ಹೆಚ್ಚು ಅನುಭವಿ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅನುಮಾನಪಡುವುದು ಕಣ್ಣಿನ ಕೆಲಸ, ಅದನ್ನು ಅದು ಚೆನ್ನಾಗಿಯೇ ಮಾಡುತ್ತದೆ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. ತಂಬಾಕು, ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದರಷ್ಟು ಇಳಿದದ್ದು 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿದೆ. ಆದರೆ ಜೀವಕೋಶಗಳು ಎಷ್ಟು ಕೆಟ್ಟಿವೆ, ವೈದ್ಯರು ಡಿಸ್‌ಪ್ಲೇಸಿಯಾ ಎನ್ನುವುದು ಯಾವ ಹಂತದಲ್ಲಿದೆ ಎಂಬುದನ್ನು ಮೇಲಿನಿಂದ ನೋಡಿ ಎಂಥ ಪರಿಣತರೂ ಹೇಳಲಾರರು. ಅದಕ್ಕೆ ಸೂಕ್ಷ್ಮದರ್ಶಕವೇ ಬೇಕು. ತೆಳುವಾದ, ನಿರುಪದ್ರವಿಯಂತೆ ಕಾಣುವ ಮಚ್ಚೆಯಲ್ಲೂ ಅದು ಅಡಗಿರಬಹುದು. ಕೆಂಪು ಬೆರೆತಿದ್ದರೆ, ನಾಲಿಗೆಯ ಬದಿಯಲ್ಲೋ ಅಡಿಯಲ್ಲೋ ಇದ್ದರೆ ಅಪಾಯ ಇನ್ನೂ ಹೆಚ್ಚು. ನಿಮ್ಮದು ಬದಿಯಲ್ಲೇ ಇದೆ.

ಕತ್ತರಿ ತಾಗಿದರೆ ಹರಡುತ್ತದೆ ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಿವಿಗೊಡಬೇಡಿ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಚಿಕ್ಕ ತುಣುಕು ತೆಗೆಯುತ್ತಾರೆ, ಅಷ್ಟೇ. ಎರಡು ವಾರ ಕಳೆದೂ ಮಚ್ಚೆ ಹಾಗೆಯೇ ಇದ್ದರೆ ಬಾಯಿಯ ಶಸ್ತ್ರಚಿಕಿತ್ಸಕರ ಬಳಿ ಹೋಗಿ. ಮಚ್ಚೆ ದೊಡ್ಡದಿದ್ದರೆ ಒಂದಕ್ಕಿಂತ ಹೆಚ್ಚು ಕಡೆಯಿಂದ, ಕೆಂಪಿದ್ದಲ್ಲಿಂದಂತೂ ತಪ್ಪದೆ, ತುಣುಕು ತೆಗೆಯಲು ಕೇಳಿ. ಒಂದೇ ತುಣುಕಿಗೆ ಕೆಟ್ಟ ಜಾಗ ಸಿಗದೇ ಹೋಗಬಹುದು. ಕವಳವನ್ನು ಇವತ್ತೇ ಬಿಡಿ. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ನಮ್ಮ ಮನೆಯ ಅನ್ನದ ಬೆಳೆಯ ಬಗ್ಗೆ ಹೀಗೆ ಬರೆಯುವುದು ನನಗೆ ಸುಲಭವಲ್ಲ, ಆದರೂ ಬಿಡಿ. ವರದಿ ಚೆನ್ನಾಗಿ ಬಂದರೂ ಮುಂದಿನ ತಪಾಸಣೆಯ ದಿನಾಂಕ ಬರೆಸಿಕೊಂಡೇ ಹೊರಗೆ ಬನ್ನಿ.