ಎಥನಾಲ್‌ಗೆ ಅಂತ ಜೋಳದ ತಳಿ ಮಾಡೋಕೆ ಬ್ರಿಕ್ಸ್ ಜಾಸ್ತಿ ಇದ್ರೆ ಸಾಕಾ?

ಬ್ರಿಕ್ಸ್ (ರಸದಲ್ಲಿ ಸಕ್ಕರೆ ಎಷ್ಟಿದೆ ಅನ್ನೋ ಅಳತೆ) 20 ಬರೋ ಸಿಹಿ ಜೋಳ, ಅಂದ್ರೆ ದಂಟಲ್ಲಿ ಸಿಹಿ ರಸ ಇರೋ ಜೋಳ ಸಿಕ್ರೆ ಎಥನಾಲ್ ತಳಿ ರೆಡಿ ಆದಂಗೇ ಅಲ್ವಾ ಅಂತ ಕೇಳಿದೀರಿ. ಅಲ್ಲ ರೀ. ನಾನು ಸ್ವಲ್ಪ ಕಾಲ ಸಿಹಿ ಜೋಳದ ಟ್ರಯಲ್ ಪ್ಲಾಟ್‌ನಲ್ಲಿ ಕೆಲಸ ಮಾಡಿದೀನಿ, ಅಲ್ಲಿ ಎಲ್ರೂ ಮೊದ್ಲು ಕೈಗೆ ತಗೊಳ್ಳೋದೇ ಬ್ರಿಕ್ಸ್ ಮೀಟರ್, ದಂಟು ಹಿಂಡಿ ಎರಡು ಹನಿ ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದ್ರೆ ನಂಬರ್ ಬಂತು, ಖುಷಿ. ಆದ್ರೆ ಅದು ರಸ ಎಷ್ಟು ಸಿಹಿ ಅಂತ ಹೇಳುತ್ತೆ, ರಸ ಎಷ್ಟಿದೆ ಅಂತ ಹೇಳಲ್ಲ. ಬೆಂಡು ತುಂಬಿರೋ ದಂಟಲ್ಲೂ ಎರಡು ಹನಿ ಸಿಹಿಯಾಗೇ ಸಿಗುತ್ತೆ, ಗಾಣಕ್ಕೆ ಕೊಟ್ರೆ ಬರೀ ಸಿಪ್ಪೆ.

ಅದಕ್ಕೇ ಮೀಟರ್‌ಗಿಂತ ಮೊದ್ಲು ಎಲೆ ನೋಡಿ. ನಡುವಿನ ನರ ಬೆಳ್ಳಗಿದ್ರೆ ದಂಟು ಬೆಂಡು, ಮಂಕು ಹಸಿರು ಇದ್ರೆ ಒಳಗೆ ರಸ ಇದೆ ಅಂತ ಲೆಕ್ಕ. ಇದು ಮುಖ್ಯವಾಗಿ ಒಂದೇ ಜೀನ್‌ನ ಆಟ (2018ರಲ್ಲಿ ಆ ಜೀನ್ ಯಾವ್ದು ಅಂತ ಪತ್ತೆ ಆಯ್ತು), ಮತ್ತೆ ಬೆಂಡಿನ ಗುಣನೇ ಪ್ರಬಲ (ಗಂಡು, ಹೆಣ್ಣು ಯಾವ ಒಂದು ಕಡೆಯಿಂದ ಬಂದ್ರೂ ದಂಟು ಬೆಂಡೇ), ಹಾಗಾಗಿ ಹೈಬ್ರಿಡ್ ಮಾಡೋವಾಗ ಗಂಡು ತಳಿ ಒಂದರಲ್ಲಿ ರಸ ಇದ್ರೆ ಸಾಲಲ್ಲ, ಹೆಣ್ಣು ತಳಿಲೂ ಇರಬೇಕು. ಹೆಣ್ಣು ತಳಿಗಳು ಬಹಳಷ್ಟು ಕಾಳಿಗೆ ಅಂತಲೇ ಮಾಡಿದ್ದು, ಜಾಸ್ತಿ ಟೈಮ್ ಹಿಡಿಯೋದು ಇಲ್ಲೇ.

ಆಮೇಲೆ ಫ್ಯಾಕ್ಟರಿ ಲೆಕ್ಕ. ದಂಟು ಕಡಿದ ಮೇಲೆ ಸಕ್ಕರೆ ಒಡೆಯೋಕೆ ಶುರು, ಬಿಸಿಲಿದ್ರೆ ಇನ್ನೂ ಬೇಗ, ಒಂದು ದಿನದೊಳಗೆ ಅರೆದ್ರೆ ಒಳ್ಳೇದು. ಹೈದರಾಬಾದ್ ಹತ್ರ ಪಟಾನ್‌ಚೆರುವಿನ ಇಕ್ರಿಸ್ಯಾಟ್ (ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ) ನವ್ರು ಇದಕ್ಕೇ ಊರಲ್ಲೇ ಅರೆದು ರಸ ಕಾಯಿಸಿ ಸಿರಪ್ ಮಾಡಿ ಕಳಿಸೋ ದಾರಿ ಹಿಡಿದಿದ್ರು. ಬ್ರೀಡರ್ (ತಳಿ ಮಾಡೋರು) ಕೈಯಲ್ಲಿರೋದು ಬೇರೆ: ಫ್ಯಾಕ್ಟರಿಗೆ ದಂಟು ಹೆಚ್ಚು ದಿನ ಸಿಗೋ ಹಾಗೆ ಬೇರೆ ಬೇರೆ ಅವಧಿಗೆ ಬಲಿಯೋ ತಳಿ ಕೊಡೋದು, ಬಲಿತ ಮೇಲೂ ಒಂದಷ್ಟು ದಿನ ಸಕ್ಕರೆ ಇಳಿಯದಂಗೆ ನೋಡ್ಕೊಳ್ಳೋದು. ನನ್ನ ಕೇಳಿದ್ರೆ ಬ್ರಿಕ್ಸ್‌ನಲ್ಲಿ ಒಂದೆರಡು ಪಾಯಿಂಟ್ ಜಾಸ್ತಿ ಮಾಡೋದಕ್ಕಿಂತ ಈ ಗುಣಕ್ಕೆ ಬೆಲೆ ಹೆಚ್ಚು.

ಹಿಂಗಾರಿಲಿ ಇನ್ನೊಂದು ತಾಪತ್ರಯ, ಮುಂಗಾರಿನ ಸಿಹಿ ತಳಿಗಳನ್ನ ತಂದು ಬಿತ್ತಿದ್ರೆ ಹಗಲು ಸಣ್ಣದು, ಚಳಿ ಬೇರೆ, ದಂಟು ಗಿಡ್ಡ ಆಗಿ ಇಳುವರಿ ಬೀಳುತ್ತೆ, ಅದಕ್ಕೆ ಮಾಲ್ದಂಡಿ (ಹಿಂಗಾರಿನ ಕಾಳು ಜೋಳದ ತಳಿ) ಬೆಳೆಯೋ ಹೊಲದಲ್ಲಿ ಇದನ್ನ ತುರುಕೋಕೆ ಹೋಗ್ಬೇಡಿ. ಸುಳಿ ನೊಣದ ಕಾಟ ಅಂತೂ ಇದ್ದಿದ್ದೇ.

ಟ್ರಯಲ್ ಹಾಕೋದಾದ್ರೆ ಹೋಲಿಕೆಗೆ ಈಗಾಗ್ಲೇ ಇರೋ ಸಿಹಿ ಜೋಳದ ತಳಿಗಳಾದ ಎಸ್ಎಸ್‌ವಿ 84, ಸಿಎಸ್‌ವಿ 19ಎಸ್ಎಸ್, ಹೈಬ್ರಿಡ್ ಬೇಕಂದ್ರೆ ಸಿಎಸ್ಎಚ್ 22ಎಸ್ಎಸ್ ಪಕ್ಕದಲ್ಲೇ ಬಿತ್ತಿ, ಎಲೆ ತೆಗೆದು ದಂಟು ತೂಗಿ, ಅರೆದು ರಸನೂ ಅಳೆದು, ಆಮೇಲೆ ಬ್ರಿಕ್ಸ್ ನೋಡಿ. ಕಾಳಿನ ತೂಕನೂ ಬರೆದಿಡಿ, ಎಕರೆಗೆ ಎಷ್ಟು ಕಾಳು ಅಂತ ಕೇಳದೆ ಯಾವ ರೈತರೂ ಬೀಜ ತಗೊಳ್ಳಲ್ಲ.