ಹಲ್ಲುಜ್ಜುವ ಬ್ರಷ್ ಯಾರದು?

ಓದುಗರ ಪತ್ರ (ಸಂಕ್ಷಿಪ್ತ): ಏಳು ವರ್ಷದ ಹುಡುಗ ಕಾಣೆಯಾಗುವ ಕಥೆಯ ಸಸ್ಪೆನ್ಸ್ ಕಾದಂಬರಿ ಬರೆಯುತ್ತಿದ್ದೇನೆ. 34 ಅಧ್ಯಾಯ, ಸುಮಾರು 62,000 ಪದ ಆಗಿದೆ. ಒಂದು ಅಧ್ಯಾಯ ತಾಯಿಯದು, ಮುಂದಿನದು ತನಿಖಾಧಿಕಾರಿಯದು. ಓದಿದ ಇಬ್ಬರಲ್ಲಿ ಒಬ್ಬರು ತಾಯಿಯ ಪುಟಗಳನ್ನು ಹಾರಿಸಿದರಂತೆ, ಇನ್ನೊಬ್ಬರು ಪೊಲೀಸರ ಪುಟಗಳನ್ನು. ಎರಡರ ಪ್ರಮಾಣ ಎಷ್ಟಿರಬೇಕು? ತಾಯಿಯ ಗೀಳನ್ನು ಎಲ್ಲಿಯವರೆಗೆ ಒಯ್ಯಬಹುದು? ಕೊನೆಗೆ ಮಗು ಸಿಗಲೇಬೇಕೆ? ಕಥಾಸಾರದ ಜೊತೆಗೆ 3, 9, 10 ಮತ್ತು 19ನೇ ಅಧ್ಯಾಯಗಳನ್ನು ಇಟ್ಟಿದ್ದೇನೆ.

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಇಬ್ಬರು ಓದುಗರೂ ಬೆರಳಿಟ್ಟು ತೋರಿಸಿದ್ದು ಒಂದೇ ದೋಷವನ್ನು. ಕಣ್ಣೀರು ಒಂದು ಅಧ್ಯಾಯದಲ್ಲಿದೆ, ಸುಳಿವು ಇನ್ನೊಂದರಲ್ಲಿದೆ. ಹಾಗಾಗಿ ಯಾರು ಯಾವುದನ್ನು ಹಾರಿಸಿದರೂ ಕಥೆ ತಪ್ಪಿಹೋಗಲಿಲ್ಲ. ಅರ್ಧಕ್ಕರ್ಧ ಇರುವುದನ್ನು ಮೂರಕ್ಕೆ ಏಳು ಮಾಡಿದರೂ ಇದು ಸರಿಹೋಗುವುದಿಲ್ಲ. ತಾಯಿಯ ದುಃಖವೇ ತನಿಖೆಯನ್ನು ಕೆಡಿಸಬೇಕು. ಅವಳು ಅಳುವುದರಿಂದ ಅಧಿಕಾರಿಗೆ ಬೇಜಾರಾಗುತ್ತದೆ ಎಂಬಷ್ಟೇ ಸಂಬಂಧ ಸಾಲದು. ಅವಳ ದುಃಖದಿಂದಾಗಿ ಅವರ ಕೈಗೆ ತಪ್ಪು ಸಾಕ್ಷ್ಯ ಸೇರಬೇಕು. ಆಗ ಎರಡರಲ್ಲಿ ಯಾವುದನ್ನೂ ಬಿಟ್ಟು ಓದಲಾಗುವುದಿಲ್ಲ.

ಇದಕ್ಕೆ ಬೇಕಾದ ವಸ್ತು ನಿಮ್ಮ ಹಸ್ತಪ್ರತಿಯಲ್ಲೇ ಬಿದ್ದಿದೆ, ನೀವು ಗಮನಿಸಿಲ್ಲ. 9ನೇ ಅಧ್ಯಾಯದಲ್ಲಿ ಅಧಿಕಾರಿ ಡಿಎನ್‌ಎ ಪರೀಕ್ಷೆಗೆಂದು ಹುಡುಗನ ಹಲ್ಲುಜ್ಜುವ ಬ್ರಷ್ ಕೇಳುತ್ತಾರೆ. ‘ಅವಳು ತಂದುಕೊಟ್ಟಳು’ ಎಂದು ಎರಡು ಪದದಲ್ಲಿ ಮುಗಿಸಿದ್ದೀರಿ. 10ನೇ ಅಧ್ಯಾಯದಲ್ಲಿ ಅವಳು ಮಗನ ದಿಂಬು ತಬ್ಬಿಕೊಂಡು ಆರು ಪುಟ ಅಳುತ್ತಾಳೆ. ದಿಂಬಿನ ಆರು ಪುಟವನ್ನೂ ತೆಗೆದು ಬ್ರಷ್ಷಿನ ಆ ಎರಡು ಪದವನ್ನು ಹಿಗ್ಗಿಸಿ. ಬ್ರಷ್ ಕೊಡುವುದೆಂದರೆ ಏನು? ಮುಂದೆ ಎಲ್ಲೋ ಒಂದು ಶವ ಸಿಗಬಹುದು, ಅದನ್ನು ಇದರೊಂದಿಗೆ ಹೋಲಿಸಿ ನೋಡಬಹುದು ಎಂದು ತಾಯಿ ಒಪ್ಪಿಕೊಂಡಂತೆ. ಅವಳು ಒಪ್ಪಲಾರಳು. ಹೀಗೆ ಬರೆದು ನೋಡಿ:

‘ಅವನು ಬಳಸುತ್ತಿದ್ದ ಬ್ರಷ್ ಬೇಕಿತ್ತು’ ಎಂದರು ಅಧಿಕಾರಿ. ಯಾಕೆಂದು ಅವಳು ಕೇಳಲಿಲ್ಲ. ಬಚ್ಚಲಿನ ಲೋಟದಲ್ಲಿ ಎರಡು ಬ್ರಷ್, ಎರಡೂ ಒದ್ದೆ. ಹಸಿರು ಬ್ರಷ್ಷನ್ನು ಬೆಳಿಗ್ಗೆ ಅವಳೇ ನಲ್ಲಿ ನೀರಿಗೆ ಹಿಡಿದು ಇಟ್ಟಿದ್ದಳು, ಹತ್ತೊಂಬತ್ತು ದಿನದಿಂದ ಇಡುತ್ತಿದ್ದ ಹಾಗೆ. ಕೆಂಪು ಬ್ರಷ್ ಎತ್ತಿಕೊಂಡು ಹೊರಗೆ ಬಂದಳು.

ಕೆಂಪು ಬ್ರಷ್ ಅಣ್ಣನದು. ಹತ್ತು ವರ್ಷದ ಆ ಅಣ್ಣ ನಿಮ್ಮ ಕಥೆಯಲ್ಲಿ ಈಗಾಗಲೇ ಇದ್ದಾನೆ. ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುವುದು ಬಿಟ್ಟರೆ ಪಾಪ ಅವನಿಗೆ ಬೇರೆ ಕೆಲಸ ಕೊಟ್ಟಿಲ್ಲ ನೀವು. ಈಗ ಕೆಲಸ ಸಿಕ್ಕಿತು. ಅಧಿಕಾರಿ ಬ್ರಷ್ಷನ್ನು ಲಕೋಟೆಗೆ ಹಾಕುವಾಗ ಅದು ಒದ್ದೆಯಿರುವುದನ್ನು ನೋಡಲಿ, ಏನೂ ಕೇಳದೆ ಹೊರಡಲಿ. ಲಕೋಟೆ ಕಾಗದದ್ದೇ ಆಗಿರಲಿ. ನೀವು ಪ್ಲಾಸ್ಟಿಕ್ ಚೀಲ ಬರೆದಿದ್ದೀರಿ. ಒದ್ದೆ ವಸ್ತುವನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಟ್ಟರೆ ತೇವಕ್ಕೆ ಸೂಕ್ಷ್ಮಜೀವಿಗಳು ಬೆಳೆದು ಡಿಎನ್‌ಎ ಹಾಳಾಗುತ್ತದೆ. ಅನುಭವಿ ಅಧಿಕಾರಿ ಹಾಗೆ ಮಾಡುವುದಿಲ್ಲ.

ಮೇಜಿನ ಕೆಳಗೆ ಬಾಂಬಿದೆ ಎಂದು ಪ್ರೇಕ್ಷಕರಿಗೆ ಮೊದಲೇ ಗೊತ್ತಿದ್ದರೆ ಮೇಜಿನ ಮೇಲಿನ ಸಾದಾ ಮಾತುಕತೆಯೂ ಉಸಿರು ಬಿಗಿಹಿಡಿಸುತ್ತದೆ ಎಂದು ಸಿನಿಮಾ ನಿರ್ದೇಶಕ ಹಿಚ್‌ಕಾಕ್ ವಿವರಿಸುತ್ತಿದ್ದರು. ನಿಮ್ಮ ಬಾಂಬು ಆ ಕೆಂಪು ಬ್ರಷ್. 22ನೇ ಅಧ್ಯಾಯದಲ್ಲಿ ನೀವು ತಂದಿರುವ ಶವವನ್ನು ಹಾಗೇ ಇಟ್ಟುಕೊಳ್ಳಿ. ‘ಹೊಂದಿಕೆಯಾಗಿಲ್ಲ, ಇವನು ನಿಮ್ಮ ಮಗನಲ್ಲ’ ಎಂದು ಅಧಿಕಾರಿ ಹೇಳುತ್ತಾರೆ. ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಆ ಮಾತಿಗೆ ಬೆಲೆಯೇ ಇಲ್ಲವೆಂದು ಗೊತ್ತಿರುವುದು ತಾಯಿಗೆ ಮತ್ತು ಓದುಗರಿಗೆ ಮಾತ್ರ. ಅವಳು ಒಂದು ಹನಿ ಕಣ್ಣೀರು ಹಾಕಬೇಕಿಲ್ಲ, ಎಲ್ಲರಿಗೂ ಚಹಾ ಮಾಡಿಕೊಟ್ಟರೆ ಸಾಕು.

ಆದರೆ ಇಲ್ಲೊಂದು ತೂತಿದೆ, ಈಗಲೇ ಮುಚ್ಚಿ. ಇಂಥ ಪ್ರಕರಣದಲ್ಲಿ ತಂದೆತಾಯಿಯ ಕೆನ್ನೆಯ ಒಳಗೋಡೆಯನ್ನು ಹತ್ತಿಯಿಂದ ಸವರಿ ಅವರ ಮಾದರಿಯನ್ನೂ ತೆಗೆದುಕೊಳ್ಳುವುದುಂಟು. ಅದು ಪ್ರಯೋಗಾಲಯಕ್ಕೆ ಹೋಯಿತೋ, ಶವವನ್ನು ನೇರ ಅವರೊಂದಿಗೇ ಹೋಲಿಸುತ್ತಾರೆ, ಬ್ರಷ್ಷಿನ ಗುಟ್ಟು ಒಂದು ಅಧ್ಯಾಯವೂ ಬಾಳುವುದಿಲ್ಲ. ತಂದೆತಾಯಿಯ ಮಾದರಿ ಮೊದಲೇ ಯಾಕೆ ಹೋಗಲಿಲ್ಲ ಎಂಬುದಕ್ಕೆ ನಂಬುವಂಥ ಕಾರಣ ಬೇಕು. ತಾಯಿ ದಿನ ಮುಂದೂಡುತ್ತಿರಬಹುದು, ಬ್ರಷ್ ಸಿಕ್ಕಿತಲ್ಲ ಎಂದು ಅಧಿಕಾರಿಯೂ ಒತ್ತಾಯಿಸದೆ ಬಿಟ್ಟಿರಬಹುದು. ಮುಂದೆ ಆ ತೂತನ್ನೇ ಬಾಗಿಲು ಮಾಡಿಕೊಳ್ಳಿ. ಶವದ ಸುದ್ದಿಯಾದ ಮೇಲೆ ತಂದೆ, ಹೆಂಡತಿಗೆ ಹೇಳದೆ, ತನ್ನ ಮಾದರಿ ಕೊಟ್ಟುಬರಲಿ. ಅದರ ಫಲಿತಾಂಶ ಬರುವವರೆಗಿನ ದಿನಗಳು ನಿಮ್ಮ ಕಾದಂಬರಿಯ ಅತ್ಯಂತ ಬಿಗಿಯಾದ ನಾಲ್ಕು ಅಧ್ಯಾಯಗಳಾಗುತ್ತವೆ. ಇನ್ನೊಂದು ಎಚ್ಚರಿಕೆ: ಅಣ್ಣನನ್ನು ಯಾವ ಕಾರಣಕ್ಕೂ ಅಕ್ಕನನ್ನಾಗಿ ಬದಲಿಸಬೇಡಿ. ಮಾದರಿ ಗಂಡಿನದೋ ಹೆಣ್ಣಿನದೋ ಎಂಬುದು ಡಿಎನ್‌ಎ ಪರೀಕ್ಷೆಯಲ್ಲೇ ತಿಳಿದುಹೋಗುತ್ತದೆ.

ಇನ್ನು ಬರೆಯುವ ಮುಂಚೆ ಮಾಡಬೇಕಾದ ಕೆಲಸ. ಎರಡು ಹಾಳೆ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಹುಡುಗ ಕಾಣೆಯಾದ ಹೊತ್ತು ನಿಜಕ್ಕೂ ನಡೆದದ್ದನ್ನು ನಿಮಿಷದ ಲೆಕ್ಕದಲ್ಲಿ ಬರೆಯಿರಿ. ಅವನು ಆಟದ ಮೈದಾನ ಬಿಟ್ಟಾಗಿನಿಂದ ತಾಯಿ ಮೊದಲ ಸಲ ಹೆಸರು ಹಿಡಿದು ಕೂಗುವವರೆಗೆ, ನಿಮ್ಮ ಕಥೆಯ ಪ್ರಕಾರ 4.10ರಿಂದ 4.50. ಈ ನಲವತ್ತು ನಿಮಿಷದಲ್ಲಿ ಪ್ರತಿಯೊಬ್ಬ ಪಾತ್ರವೂ ಎಲ್ಲಿತ್ತು ಎಂಬುದು ಆ ಹಾಳೆಯಲ್ಲಿ ಇರಬೇಕು. ಎರಡನೆಯದರಲ್ಲಿ ಯಾರಿಗೆ ಯಾವ ಅಧ್ಯಾಯದಲ್ಲಿ ಏನು ತಿಳಿಯುತ್ತದೆ, ಯಾರು ಯಾವ ಸುಳ್ಳು ಹೇಳುತ್ತಾರೆ, ಯಾಕೆ. ತಪ್ಪಿತಸ್ಥ ಮಾತ್ರ ಸುಳ್ಳು ಹೇಳಿದರೆ ಓದುಗರು ಅವನನ್ನು ಹತ್ತನೇ ಪುಟದಲ್ಲೇ ಹಿಡಿಯುತ್ತಾರೆ. ನಿರಪರಾಧಿಗಳಿಗೂ ಸುಳ್ಳು ಹೇಳಲು ಅವರವರ ಕಾರಣ ಇರಲಿ: ಮೈದಾನ ನೋಡಿಕೊಳ್ಳಬೇಕಿದ್ದವನು ನಿದ್ದೆ ಹೋಗಿದ್ದ, ಪಕ್ಕದ ಮನೆಯಾಕೆ ಆ ಹೊತ್ತು ಇರಬಾರದ ಕಡೆ ಇದ್ದಳು.

ಓದುಗರ ಅನುಮಾನವನ್ನು ಬೇರೆಡೆಗೆ ತಿರುಗಿಸಲು ನೀವು ತಂದಿರುವ ಮೂರು ಅಡ್ಡದಾರಿಗಳು ಸಾಕು. ಕಥಾಸಾರದಲ್ಲಿ ಕಾಣುವ ನಾಲ್ಕನೆಯದು, ಆ ಅನಾಮಧೇಯ ಪತ್ರ, ಬೇಡ; ಅದನ್ನು ಬರೆದವನಿಗೆ ಬರೆಯಲು ಕಾರಣವೇ ಇಲ್ಲ.

ಸಿಸಿಟಿವಿಯನ್ನು ನೀವು ದೇವರ ಕಣ್ಣಿನಂತೆ ಬಳಸಿದ್ದೀರಿ. ಕ್ಯಾಮೆರಾದ ಗಡಿಯಾರ ಹಲವು ನಿಮಿಷ ಮುಂದೆ ಹಿಂದೆ ಇರುವುದು ಮಾಮೂಲು. ತನಿಖೆ ಮಾಡುವವರು ಮೊದಲು ಅದನ್ನು ನಿಜವಾದ ಸಮಯದ ಜೊತೆ ತಾಳೆ ನೋಡುತ್ತಾರೆ. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತ ಹೋಗುವುದರಿಂದ ತಡಮಾಡಿ ಕೇಳಿದರೆ ಏನೂ ಉಳಿದಿರುವುದಿಲ್ಲ. ತಾಯಿ ಗೋಡೆಯ ಮೇಲೆ ಕಟ್ಟಿದ ಇಡೀ ನಕ್ಷೆ, ಒಬ್ಬ ಮನುಷ್ಯನ ಮೇಲೆ ಅವಳು ಸಾಕಿಕೊಂಡ ಅನುಮಾನ, ಎಲ್ಲವೂ ಹನ್ನೊಂದು ನಿಮಿಷ ಮುಂದಿದ್ದ ಒಂದು ಗಡಿಯಾರದ ಮೇಲೆ ನಿಂತಿತ್ತು ಎಂದಾದರೆ? ಅದೂ ಅಧಿಕಾರಿ ಇದನ್ನು ಅವಳಿಗೆ ಮೊದಲ ವಾರವೇ ಹೇಳಿದ್ದು, ಅವಳು ಕೇಳಿಸಿಕೊಂಡಿರಲಿಲ್ಲ ಎಂದಾದರೆ? ಸುಳಿವನ್ನು ಮುಚ್ಚಿಡದೆಯೂ ಬಚ್ಚಿಡಬಹುದು. ಕೇಳಿಸಿಕೊಳ್ಳದ ಪಾತ್ರದ ಕಿವಿಗೆ ಹಾಕಿದರಾಯಿತು.

ಅಂದ ಹಾಗೆ 3ನೇ ಅಧ್ಯಾಯದ ಅಧಿಕಾರಿ ‘24 ಗಂಟೆ ಕಳೆದ ಮೇಲೆ ಬನ್ನಿ’ ಎನ್ನುವುದು ಸಿನಿಮಾದ ಮಾತು. ಮಗು ಕಾಣೆಯಾದ ದೂರಿಗೆ ಕಾಯಿಸುವಂತಿಲ್ಲ ಎಂದು ಅಮೆರಿಕದಲ್ಲಿ 1990ರಲ್ಲೇ ಕಾನೂನು ಬಂದಿದೆ, ಭಾರತದ ಸುಪ್ರೀಂ ಕೋರ್ಟ್ 2013ರಲ್ಲಿ ಇಂಥ ದೂರುಗಳಿಗೆ ಎಫ್‌ಐಆರ್ ದಾಖಲಿಸಲೇಬೇಕೆಂದು ಹೇಳಿದೆ. ಕಥೆ ನಡೆಯುವ ಜಾಗದ ನಿಯಮ ನೋಡಿಕೊಂಡು ಬರೆಯಿರಿ. ಸೋಮಾರಿ ಅಧಿಕಾರಿ ಬೇಕಿದ್ದರೆ ನಿಯಮ ಮುರಿಯುವವನಾಗಿಯೇ ಬರಲಿ.

ದುಃಖದ ವಿಚಾರಕ್ಕೆ ಬರೋಣ. ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂದು ಕಾದಂಬರಿಯನ್ನು ಐದು ಭಾಗ ಮಾಡಿದ್ದೀರಿ. ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಆ ಐದು ಹಂತಗಳನ್ನು ಹೇಳಿದ್ದು ಸಾವಿನ ಹಾಸಿಗೆಯಲ್ಲಿದ್ದ ರೋಗಿಗಳನ್ನು ಮಾತಾಡಿಸಿ. ಮಗು ಕಾಣೆಯಾದವರ ಅಳತೆಗೆ ಹೊಲಿದ ಅಂಗಿಯಲ್ಲ ಅದು. ನಿಮ್ಮ ಕಥೆಯ ತಾಯಿಗೆ ಹತ್ತಿರದ್ದು ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್ ಅವರ ‘ಅಸ್ಪಷ್ಟ ನಷ್ಟ’ದ ಕಲ್ಪನೆ. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡುತ್ತ ಅವರು ಅದನ್ನು ರೂಪಿಸಿದರು. ಮನುಷ್ಯ ಇಲ್ಲ, ಸತ್ತ ಎನ್ನುವ ಹಾಗೂ ಇಲ್ಲ. ಶೋಕಿಸಿದರೆ ಮಗುವಿಗೆ ದ್ರೋಹ ಬಗೆದಂತೆ, ಆಸೆ ಇಟ್ಟುಕೊಂಡರೆ ತನಗೇ ತಾನು ಸುಳ್ಳು ಹೇಳಿಕೊಂಡಂತೆ. ಇಂಥ ದುಃಖಕ್ಕೆ ಹಂತವಿಲ್ಲ, ಒಂದೇ ಮಧ್ಯಾಹ್ನದಲ್ಲಿ ನಾಲ್ಕು ಸಲ ದಿಕ್ಕು ಬದಲಿಸುತ್ತದೆ. ಮನೆಯಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕಡೆ ತಿರುಗುವುದೂ ಇಲ್ಲ. ತಾಯಿ ಮಗನಿಗೆ ಮುಂದಿನ ಅಳತೆಯ ಶೂ ತಂದಿಡುವ ದಿನವೇ ತಂದೆ ಅವನ ಮಂಚ ಬಿಚ್ಚುತ್ತಾನೆ. ಇಬ್ಬರ ಜಗಳಕ್ಕೆ ಮಾತು ಹುಡುಕಬೇಡಿ, ಶೂ ಮತ್ತು ಮಂಚ ಜಗಳವಾಡಲಿ.

ನೆನಪಿನ ದೃಶ್ಯಗಳು ನಿಮ್ಮಲ್ಲಿ ಹದಿನೇಳಿವೆ. ಐದು ಉಳಿಸಿ. ಉಳಿಸುವುದಕ್ಕೆ ಒಂದೇ ಷರತ್ತು: ನೆನಪು ಬಂದುಹೋದ ಮೇಲೆ ಒಂದು ಸಂಗತಿ ಬದಲಾಗಿರಬೇಕು. ಅವನು ಆ ದಿನ ನೀಲಿ ಅಂಗಿ ತೊಟ್ಟಿದ್ದ ಎಂದು ತಾಯಿ ಎಲ್ಲರಿಗೂ ಹೇಳಿದ್ದಾಳೆ, ಭಿತ್ತಿಪತ್ರದಲ್ಲೂ ಹಾಗೇ ಇದೆ. ನೀಲಿ ಅಂಗಿ ಒಗೆಯುವ ಬಟ್ಟೆಯ ರಾಶಿಯಲ್ಲಿ ಸಿಗುತ್ತದೆ. ಮನುಷ್ಯರ ನೆನಪು ಕೇಳುವ ಪ್ರಶ್ನೆಗೆ ತಕ್ಕಂತೆ ಬಗ್ಗುತ್ತದೆ. 1974ರಲ್ಲಿ ಮನೋವಿಜ್ಞಾನಿಗಳಾದ ಲಾಫ್ಟಸ್ ಮತ್ತು ಪಾಮರ್ ಒಂದೇ ಅಪಘಾತದ ಚಲನಚಿತ್ರ ತೋರಿಸಿ, ಕಾರುಗಳು ‘ತಾಗಿದಾಗ’ ಎಂದು ಕೇಳುವ ಬದಲು ‘ಅಪ್ಪಳಿಸಿದಾಗ’ ಎಂದು ಕೇಳಿದ್ದಕ್ಕೇ ಜನ ಹೆಚ್ಚು ವೇಗ ಹೇಳಿದರು. ನಿಮ್ಮ ಅಧಿಕಾರಿ ‘ಯಾವ ಗೇಟಿನಿಂದ ಹೊರಗೆ ಹೋದ?’ ಎಂದು ಕೇಳಲಿ. ಅವನು ಗೇಟಿನಿಂದಲೇ ಹೋದ ಎಂಬುದು ಅಲ್ಲಿಗೆ ಎಲ್ಲರ ತಲೆಯಲ್ಲೂ ಸೇರಿಕೊಳ್ಳುತ್ತದೆ.

ಗೀಳು ಎಲ್ಲಿಯವರೆಗೆ ಎಂದು ಕೇಳಿದಿರಿ. ಎಲ್ಲಿಯವರೆಗೂ ಹೋಗಲಿ, ಮೆಟ್ಟಿಲು ಮಾತ್ರ ತಪ್ಪಬಾರದು. ಈಗ ನಿಮ್ಮ ತಾಯಿ ನಾಲ್ಕನೇ ದಿನವೇ ಗೋಡೆ ತುಂಬ ಕೆಂಪು ದಾರ ಕಟ್ಟುತ್ತಾಳೆ, ಓದುಗರು ಅವಳಿಂದ ದೂರ ಸರಿಯುತ್ತಾರೆ. ಗೀಳು ಮೊದಮೊದಲು ಜಾಣತನದಂತೆ ಕಾಣಬೇಕು. ಆ ಹೊತ್ತು ಮೈದಾನದಲ್ಲಿದ್ದವರ ಹೆಸರು ಬರೆದಿಡುತ್ತಾಳೆ; ಒಳ್ಳೆಯದೇ ಮಾಡಿದಳು ಎನ್ನುತ್ತೇವೆ. ಅಂಗಡಿಯ ಕ್ಯಾಮೆರಾ ದೃಶ್ಯವನ್ನು ಪೊಲೀಸರಿಗಿಂತ ಮೊದಲು ಕೇಳಿ ಪಡೆಯುತ್ತಾಳೆ, ಭೇಷ್ ಎನ್ನುತ್ತೇವೆ. ಸುಳ್ಳು ಹೆಸರು ಹೇಳಿ ಶಾಲೆಯ ಹಾಜರಿ ಪುಸ್ತಕ ನೋಡುತ್ತಾಳೆ; ತಾಯಿಯಲ್ಲವೇ, ಹೋಗಲಿ ಎನ್ನುತ್ತೇವೆ. ಒಬ್ಬ ಮನುಷ್ಯನ ವ್ಯಾನಿನ ಹಿಂದೆ ಮೂರು ದಿನ ಸುತ್ತುತ್ತಾಳೆ. ಆಮೇಲೆ ಯಾರಿಗಾದರೂ ನೆನಪು ಬರುತ್ತದೇನೋ ನೋಡೋಣವೆಂದು ಅಣ್ಣನಿಗೆ ತಮ್ಮನಂಥದೇ ಅಂಗಿ ತೊಡಿಸಿ ಅದೇ ದಾರಿಯಲ್ಲಿ ನಡೆಸುತ್ತಾಳೆ. ಪೊಲೀಸರೂ ಇಂಥ ಮರುನಟನೆ ಮಾಡಿಸುವುದುಂಟು, ಆದ್ದರಿಂದ ತಪ್ಪೆನ್ನಲು ನಾವು ಒಂದು ಗಳಿಗೆ ತಡೆಯುತ್ತೇವೆ. ಆ ತಡೆಯುವಿಕೆಯೇ ನಿಮಗೆ ಬೇಕಾದದ್ದು. ಪ್ರತಿ ಮೆಟ್ಟಿಲಿಗೂ ಅವಳು ಏನನ್ನಾದರೂ ತೆರಬೇಕು: ಕೆಲಸ, ತಂಗಿಯ ಸ್ನೇಹ, ಕೊನೆಗೆ ದೊಡ್ಡ ಮಗನ ನಂಬಿಕೆ. ವರ್ಷಗಳ ನಂತರ ಕಾಣೆಯಾದ ಮಗು ಹೇಗೆ ಕಾಣಬಹುದೆಂದು ಚಿತ್ರ ತಯಾರಿಸುವವರು ಒಡಹುಟ್ಟಿದವರ ಅದೇ ವಯಸ್ಸಿನ ಫೋಟೊಗಳನ್ನೂ ಆಧಾರವಾಗಿ ತೆಗೆದುಕೊಳ್ಳುತ್ತಾರೆ. ನಿಮ್ಮ ಮೂರನೇ ವರ್ಷದ ಭಾಗದಲ್ಲಿ ಹೊಸ ಭಿತ್ತಿಪತ್ರ ಬಂದಾಗ ಅದರಲ್ಲಿ ತನ್ನದೇ ಮುಖ ನೋಡುವ ಹುಡುಗನಿಗೆ ಒಂದು ಪುಟ ಕೊಡಿ, ಹೆಚ್ಚು ಬೇಡ.

ಕೊನೆಗೆ ಮಗು ಸಿಗಬೇಕೆ? ಸಿಗದಿದ್ದರೂ ನಡೆಯುತ್ತದೆ, ನಿಮಗೆ ಮಾತ್ರ ಗೊತ್ತಿರಲೇಬೇಕು. ಲೇಖಕರಿಗೇ ಗೊತ್ತಿಲ್ಲದ ರಹಸ್ಯ ಓದುಗರಿಗೆ ಮೋಸದಂತೆ ಕಾಣುತ್ತದೆ, ಯಾಕೆಂದರೆ ಅದರ ಸುಳಿವುಗಳು ಎಲ್ಲಿಗೂ ಹೋಗಿ ಸೇರುವುದಿಲ್ಲ. ನಮ್ಮನ್ನು ಕೇಳಿದರೆ, ತಂದೆಯ ಮಾದರಿಯ ಫಲಿತಾಂಶ ಬರುವ ದಿನ ನಿಮ್ಮ ಕೊನೆಯ ಅಧ್ಯಾಯ. ಅದರಲ್ಲಿ ಏನಿತ್ತು ಎಂಬುದನ್ನು ಹೇಳಿ ಮುಗಿಸಿ. ಲಕೋಟೆ ಒಡೆಯುವ ಮೊದಲೇ ತೆರೆ ಎಳೆಯುವ ಆಸೆ ಬರುತ್ತದೆ, ಬೇಡ. ನಾಲ್ಕು ಅಧ್ಯಾಯ ಕಾಯಿಸಿದ್ದೀರಿ, ಓದುಗರಿಗೆ ಅಷ್ಟು ಸಲ್ಲಬೇಕು. ಫಲಿತಾಂಶ ಯಾವುದೇ ಇರಲಿ, ಹಸಿರು ಬ್ರಷ್ ಇನ್ನೂ ಲೋಟದಲ್ಲೇ ಇದೆ. ಅದನ್ನು ಅವಳು ಏನು ಮಾಡುತ್ತಾಳೆ ಎಂಬುದು ಕೊನೆಯ ಪುಟ.

19ನೇ ಅಧ್ಯಾಯದ ಕನಸನ್ನು ಪೂರ್ತಿ ತೆಗೆಯಿರಿ. 9 ಮತ್ತು 10ನ್ನು ಒಂದು ಮಾಡಿ, 1,800 ಪದ ಮೀರದಂತೆ ತಿದ್ದಿ ಕಳಿಸಿ. ಉಳಿದವು ಸದ್ಯಕ್ಕೆ ನಿಮ್ಮಲ್ಲೇ ಇರಲಿ.