ಪಟ್ಟಿಯಲ್ಲಿ ನನ್ನ ಹೆಸರೇ ಕೊನೆಗೆ, ನಾನು ಟೀಮಿಗೆ ಭಾರವಾ?

ಪ್ರಶ್ನೆ: ನಾವು ಐದು ಜನ ಗೆಳೆಯರು ರಾತ್ರಿ ಹೊತ್ತು ವ್ಯಾಲೊರಂಟ್ (ಐವರ ಎದುರು ಐವರು ಆಡುವ ಶೂಟಿಂಗ್ ವಿಡಿಯೊ ಗೇಮ್) ಆಡುತ್ತೇವೆ. ಎದುರಾಳಿಗೆ ಕಾಣದಂತೆ ಮಾಡುವ ಹೊಗೆ, ಅಂದರೆ ಸ್ಮೋಕ್ ಹಾಕೋಕೆ ಬೇರೆ ಯಾರೂ ಒಪ್ಪದ ಕಾರಣ ಓಮೆನ್ ಅನ್ನೋ ಪಾತ್ರ ಯಾವಾಗಲೂ ನನ್ನ ಪಾಲಿಗೇ. ಗೆದ್ದರೂ ಸೋತರೂ ಸ್ಕೋರ್ ಪಟ್ಟಿಯಲ್ಲಿ ನಮ್ಮ ಐವರಲ್ಲಿ ನನ್ನ ಹೆಸರು ಕೊನೆಗೆ. ‘ನಿನ್ನ ಬದಲು ಬಾಟ್ (ಕಂಪ್ಯೂಟರ್ ಆಡಿಸುವ ಆಟಗಾರ) ಇದ್ದರೂ ನಡೀತಿತ್ತು’ ಅಂತ ರೇಗಿಸುತ್ತಾರೆ. ನಾನು ನಿಜಕ್ಕೂ ಟೀಮಿಗೆ ಭಾರವಾ? ಅದನ್ನು ನಾನೇ ಅಳೆದುಕೊಳ್ಳೋದು ಹೇಗೆ, ಸರ್?
– ಓದುಗ, ಮೈಸೂರು

ಉತ್ತರ: ಮೊದಲು ಆ ಪಟ್ಟಿ ಏನನ್ನು ಎಣಿಸುತ್ತದೆ ಅಂತ ನೋಡೋಣ. ಅದು ಎಸಿಎಸ್, ಅಂದರೆ ರೌಂಡಿಗೆ ಸರಾಸರಿ ಎಷ್ಟು ಕಾಂಬ್ಯಾಟ್ ಸ್ಕೋರ್ ಅನ್ನುವ ಲೆಕ್ಕ. ಎದುರಾಳಿಗೆ ಮಾಡಿದ ಒಂದೊಂದು ಡ್ಯಾಮೇಜಿಗೂ ಒಂದು ಅಂಕ. ಎದುರು ಐವರೂ ಬದುಕಿರುವಾಗ ಒಬ್ಬನನ್ನು ಹೊಡೆದರೆ 150. ಆಮೇಲೆ 130, 110, 90, ಕೊನೆಯವನಿಗೆ 70. ಒಂದೇ ರೌಂಡಿನಲ್ಲಿ ಇಬ್ಬರು ಮೂವರನ್ನು ಹೊಡೆದರೆ ಬೋನಸ್ ಬೇರೆ. ಡ್ಯಾಮೇಜ್ ಇಲ್ಲದ ಅಸಿಸ್ಟಿಗೆ, ಅಂದರೆ ಜೊತೆಗಾರ ಹೊಡೆಯೋಕೆ ಕೊಟ್ಟ ನೆರವಿಗೆ, ಬರೀ 25.

ಈಗ ಅಸೆಂಟ್ ಮ್ಯಾಪಿನ ಒಂದು ರೌಂಡ್ ತಗೊಳ್ಳಿ. ಬಾಂಬ್ ಇಡುವ ಎ ಸೈಟಿಗೆ ನುಗ್ಗುವ ಹೊತ್ತಿಗೆ ಸರಿಯಾಗಿ ನಿಮ್ಮ ಸ್ಮೋಕ್ ಹೆವನ್ (ಸೈಟಿನ ಎತ್ತರದ ಜಾಗ) ಮೇಲೆ ಬಿತ್ತು. ಅಲ್ಲಿ ಆಪರೇಟರ್ ಅನ್ನೋ ಸ್ನೈಪರ್ ಬಂದೂಕು ಹಿಡಿದು ಕೂತವನಿಗೆ ಏನೂ ಕಾಣಲಿಲ್ಲ. ನಿಮ್ಮ ಟೀಮಿನ ಜೆಟ್ (ಇನ್ನೊಂದು ಪಾತ್ರ) ಒಳಗೆ ಹಾರಿ ಇಬ್ಬರನ್ನು ಹೊಡೆದಳು, ಸ್ಪೈಕ್ (ಬಾಂಬ್) ನೆಟ್ಟಾಯಿತು. ಆ ಸ್ಮೋಕಿಗೆ ಪಟ್ಟಿ ಕೊಟ್ಟ ಅಂಕ ಸೊನ್ನೆ. ಕಬಡ್ಡಿಯಲ್ಲೂ ಹೀಗೇ ಅಲ್ವಾ? ರೈಡರನ್ನು ಮೂವರು ಸೇರಿ ಎಳೆದು ಹಾಕುತ್ತಾರೆ, ಟ್ಯಾಕಲ್ ಪಾಯಿಂಟ್ ಒಬ್ಬನ ಹೆಸರಿಗೆ ಹೋಗುತ್ತದೆ.

ಹಾಗಂತ ‘ನಾನು ಸ್ಮೋಕ್ ಹಾಕೋನು, ನನ್ನ ಸ್ಕೋರ್ ಇಷ್ಟೇ’ ಅಂತ ಸಮಾಧಾನ ಮಾಡಿಕೊಂಡು ಕೂರಬೇಡಿ. ಒಳ್ಳೆಯ ಓಮೆನ್ ಆಟಗಾರನಿಗೆ ಗುರಿ ಇಟ್ಟು ಹೊಡೆಯೋಕೂ ಬರುತ್ತದೆ. ನಾನು ಆಟ ಕಲಿಸುವ ಹುಡುಗರಲ್ಲಿ ಈ ನೆಪ ತುಂಬಾ ನೋಡಿದ್ದೇನೆ. ಸ್ಕೋರ್ ಕಡಿಮೆ ಇರುವುದಕ್ಕೆ ನಿಮ್ಮ ಪಾತ್ರವೂ ಕಾರಣ ಇರಬಹುದು, ನಿಮ್ಮ ಆಟವೂ ಇರಬಹುದು. ಎರಡನ್ನೂ ಬೇರೆ ಮಾಡಿ ನೋಡಬೇಕು.

ನನ್ನ ಪ್ರಕಾರ ಅದಕ್ಕೆ ಸುಲಭದ ದಾರಿ, ನೀವು ಎಷ್ಟು ಜನರನ್ನು ಹೊಡೆದಿರಿ ಅನ್ನೋದನ್ನು ಬಿಟ್ಟು ನೀವು ಹೇಗೆ ಸತ್ತಿರಿ ಅಂತ ನೋಡುವುದು. ಪಂದ್ಯ ಮುಗಿದ ಮೇಲೆ ಅದರ ವಿವರದಲ್ಲಿ ಟೈಮ್‌ಲೈನ್ ಅಂತ ಒಂದು ಪುಟ ಇರುತ್ತದೆ. ಪ್ರತಿ ರೌಂಡಿನಲ್ಲಿ ಯಾರು ಯಾರನ್ನು ಯಾವ ಕ್ರಮದಲ್ಲಿ ಹೊಡೆದರು ಅಂತ ಅಲ್ಲಿ ಕಾಣುತ್ತದೆ. ಸೋತ ರೌಂಡ್‌ಗಳನ್ನು ಮಾತ್ರ ತೆಗೆಯಿರಿ. ನಿಮ್ಮನ್ನು ಹೊಡೆದವನು ಕೆಲವೇ ಸೆಕೆಂಡಿನಲ್ಲಿ ನಿಮ್ಮವರ ಕೈಲಿ ಸತ್ತನಾ? ಸತ್ತಿದ್ದರೆ ಅದು ಟ್ರೇಡ್, ಲೆಕ್ಕ ಸಮ. ಸಾಯದಿದ್ದರೆ, ಒಂದೋ ನೀವು ಒಬ್ಬರೇ ದೂರ ಹೋಗಿದ್ದಿರಿ, ಇಲ್ಲ ಜೊತೆಗಾರ ಹಿಂದೆ ಉಳಿದಿದ್ದ. ರೌಂಡಿನ ಮೊದಲ ಸಾವೇ ನಿಮ್ಮದಾಗಿ, ಟ್ರೇಡೂ ಆಗದೆ ಹೋದರೆ ಉಳಿದ ನಾಲ್ವರು ಐವರ ಎದುರು ಆಡಬೇಕು. ಜೆಟ್, ರೇನಾದಂಥ ಮುಂದೆ ನುಗ್ಗುವ ಪಾತ್ರ ಆಡುವವರು ಮೊದಲು ಸಾಯುವುದು ಎಷ್ಟೋ ಸಲ ಅವರ ಕೆಲಸದ ಭಾಗವೇ. ಸ್ಮೋಕ್ ಹಾಕುವವನದು ಹಾಗಲ್ಲ.

ಆಮೇಲೆ ಸಾಯುವಾಗ ನಿಮ್ಮ ಕೈಲಿ ಏನು ಉಳಿದಿತ್ತು ಅಂತ ನೋಡಿ. ಇದು ಟೈಮ್‌ಲೈನಿನಲ್ಲಿ ಸಿಗುವುದಿಲ್ಲ, ರೆಕಾರ್ಡಿಂಗ್ ಬೇಕು. ಪಿಸಿ ಆಟಕ್ಕೆ 2025ರಲ್ಲಿ ರಿಪ್ಲೇ ಸೌಲಭ್ಯ ಬಂದಿದೆ, ಅದೇ ಸಾಕು. ಎರಡು ಸ್ಮೋಕ್ ಹಾಗೇ ಇಟ್ಟುಕೊಂಡು ಸತ್ತಿದ್ದರೆ ಆ ರೌಂಡಿನಲ್ಲಿ ನಿಮ್ಮ ಟೀಮಿಗೆ ಓಮೆನ್ ಇರಲೇ ಇಲ್ಲ ಅಂತ ಲೆಕ್ಕ. ಇನ್ನೊಂದು ತಪ್ಪು ಇದಕ್ಕೆ ಉಲ್ಟಾ. ರೌಂಡ್ ಶುರುವಾದ ತಕ್ಷಣ ಎಲ್ಲ ಸ್ಮೋಕ್ ಸುರಿದುಬಿಡುವುದು. ಓಮೆನ್ ಸ್ಮೋಕ್ ಇರುವುದೇ 15 ಸೆಕೆಂಡ್. ಗೆಳೆಯರು ಇನ್ನೂ ಗೋಡೆ ಹಿಂದೆ ನಿಂತಿರುವಾಗಲೇ ಅದು ಕರಗಿ ಹೋಗುತ್ತದೆ. ಸ್ಮೋಕ್ ಬಿದ್ದಾಗ ಯಾರು ದಾಟಿದರು ಅಂತ ರಿಪ್ಲೇಯಲ್ಲಿ ನೋಡಿ. ಯಾರೂ ದಾಟದಿದ್ದರೆ ಸುಮ್ನೆ ಹೊಗೆ ಅಷ್ಟೇ. ಅದೇ ರಿಪ್ಲೇಯಲ್ಲಿ, ಎದುರಾಳಿ ಕಂಡಾಗ ಎಲ್ಲಿದ್ದಾನೆ ಅಂತ ಹೇಳಿದ್ದಿರಾ, ಬರೀ ‘ಅಯ್ಯೋ’ ಅಂದಿರಾ, ಅದನ್ನೂ ನೆನಪು ಮಾಡಿಕೊಳ್ಳಿ.

ಆಟದ ಅಂಕಿಅಂಶ ಕೊಡುವ ಟ್ರ್ಯಾಕರ್ ವೆಬ್ ಸೈಟುಗಳಲ್ಲಿ ಕಾಸ್ಟ್ (KAST) ಅಂತ ಒಂದು ಶೇಕಡಾ ಲೆಕ್ಕ ಸಿಗುತ್ತದೆ. ಹೊಡೆದದ್ದು, ಅಸಿಸ್ಟ್ ಕೊಟ್ಟದ್ದು, ಬದುಕಿ ಉಳಿದದ್ದು, ಸತ್ತರೂ ಟ್ರೇಡ್ ಆದದ್ದು, ಈ ನಾಲ್ಕರಲ್ಲಿ ಒಂದಾದರೂ ಆದ ರೌಂಡ್‌ಗಳು ಎಷ್ಟು ಅಂತ. ನಿಮ್ಮಂಥವರಿಗೆ ಎಸಿಎಸ್‌ಗಿಂತ ಇದು ವಾಸಿ. ಆದರೆ ಇದಕ್ಕೂ ಮೋಸ ಮಾಡಬಹುದು. ಮೂಲೆಯಲ್ಲಿ ಅಡಗಿ ಕೂತು ಬದುಕಿಕೊಂಡರೂ ಶೇಕಡಾ ಏರುತ್ತದೆ, ರೌಂಡ್ ಮಾತ್ರ ಕೈ ತಪ್ಪಿರುತ್ತದೆ.

ಒಂದೆರಡು ಪಂದ್ಯ ನೋಡಿ ತೀರ್ಮಾನಕ್ಕೆ ಬರಬೇಡಿ. ಹೋಲಿಸುವುದಾದರೆ ಈ ತಿಂಗಳ ನಿಮ್ಮ ಓಮೆನ್ ಆಟವನ್ನು ಹೋದ ತಿಂಗಳ ನಿಮ್ಮ ಓಮೆನ್ ಆಟದ ಜೊತೆ ಹೋಲಿಸಿ. ಪಕ್ಕದವನ ರೇನಾ ಜೊತೆ ಬೇಡ. ಇನ್ನು ರೇಗಿಸುವ ಆ ಗೆಳೆಯನಿಗೆ ಒಂದು ವಾರ ಓಮೆನ್ ಕೊಟ್ಟು ನೀವು ಜೆಟ್ ಆಡಿ. ನಿಮ್ಮ ಹೊಡೆತದ ಗುರಿ ಎಷ್ಟಿದೆ ಅಂತ ನಿಮಗೆ ಗೊತ್ತಾಗುತ್ತದೆ. ಅವನಿಗೂ ಏನಾದರೂ ಗೊತ್ತಾದೀತು.

ಪ್ರಶ್ನೆ: ಬಿಜಿಎಂಐ ಅನ್ನೋ ಮೊಬೈಲ್ ಶೂಟಿಂಗ್ ಗೇಮಿನಲ್ಲಿ ನನ್ನ ಎಫ್‌ಡಿ ರೇಶಿಯೋ (ಒಂದು ಸಾವಿಗೆ ಎಷ್ಟು ಜನರನ್ನು ಹೊಡೆದೆ ಅನ್ನೋ ಲೆಕ್ಕ) 5ರ ಮೇಲಿದೆ. ಆದರೂ ಟೂರ್ನಮೆಂಟ್ ಆಡುವ ಸ್ಕ್ವಾಡ್‌ನವರು ನನ್ನನ್ನು ತಗೊಳ್ಳಲಿಲ್ಲ. ಯಾಕೆ?
– ಓದುಗಿ, ಹುಬ್ಬಳ್ಳಿ

ಉತ್ತರ: ಕೆಳಗಿನ ಟಿಯರ್‌ಗಳ ಪಂದ್ಯಗಳಲ್ಲಿ ಬಾಟ್‌ಗಳು ಇರುತ್ತವೆ. ಅವನ್ನು ಹೊಡೆದರೂ ರೇಶಿಯೋ ಏರುತ್ತದೆ. ಸ್ಕ್ವಾಡ್‌ನವರಿಗೆ ಇದು ಚೆನ್ನಾಗಿ ಗೊತ್ತು. ಟೂರ್ನಮೆಂಟ್‌ಗಳ ಅಂಕವನ್ನೂ ನೋಡಿ. ಈಗ ಹೆಚ್ಚಾಗಿ ನಡೆಯುವ ಪದ್ಧತಿಯಲ್ಲಿ ಒಂದು ಫಿನಿಶ್‌ಗೆ (ಒಬ್ಬನನ್ನು ಹೊಡೆದದ್ದಕ್ಕೆ) 1 ಅಂಕ, ಪಂದ್ಯ ಗೆದ್ದ ಟೀಮಿಗೆ 10. ಅಂದರೆ ಕೊನೆಯ ಸರ್ಕಲ್‌ವರೆಗೆ ನಾಲ್ವರೂ ಉಳಿಯುವ ಟೀಮಿಗೆ ಬೆಲೆ ಜಾಸ್ತಿ. ನೀವು ನಾಕ್ ಆದ (ಹೊಡೆತ ತಿಂದು ಬಿದ್ದ) ಜಾಗಗಳನ್ನು ಒಮ್ಮೆ ನೋಡಿ. ಜೊತೆಯವರು ಬಂದು ರಿವೈವ್ ಮಾಡುವಂಥ ಕವರ್ ಅಲ್ಲಿತ್ತಾ, ಇಲ್ಲ ಒಬ್ಬರೇ ಬಯಲಿನಲ್ಲಿ ಬಿದ್ದಿದ್ದಿರಾ? ಮುಂದಿನ ಟ್ರಯಲ್‌ಗೆ ರೇಶಿಯೋದ ಸ್ಕ್ರೀನ್‌ಶಾಟ್ ಬದಲು ಸ್ಕ್ವಾಡ್ ಆಟದ ಒಂದು ಪೂರ್ತಿ ರೆಕಾರ್ಡಿಂಗ್ ಕಳಿಸಿ. ಸೋತ ಪಂದ್ಯದ್ದಾದರೂ ಪರವಾಗಿಲ್ಲ.

ಪ್ರಶ್ನೆ: ನೂರಾರು ರ‍್ಯಾಂಕ್ಡ್ ಪಂದ್ಯ ಆಡಿದ್ದೇನೆ, ಗೆಲುವು ಶೇ 51 ಅಷ್ಟೇ. ಆಟ ಬಿಡೋದೇ ವಾಸಿಯಾ?
– ಓದುಗ, ಬೆಂಗಳೂರು

ಉತ್ತರ: ಬೇಡ. ಗೆದ್ದಂತೆಲ್ಲ ನಿಮಗೆ ಇನ್ನೂ ಗಟ್ಟಿ ಎದುರಾಳಿಗಳು ಸಿಗುತ್ತಾರೆ, ಸೋತಂತೆಲ್ಲ ಸುಲಭದವರು. ಮ್ಯಾಚ್‌ಮೇಕಿಂಗ್ ಕೆಲಸವೇ ಅದು, ಎಲ್ಲರನ್ನೂ ಶೇ 50ರ ಹತ್ತಿರಕ್ಕೆ ತರುವುದು. ಗೆಲುವಿನ ಶೇಕಡಾ ಪಕ್ಕಕ್ಕಿಟ್ಟು ಆರು ತಿಂಗಳ ಹಿಂದೆ ಯಾವ ರ‍್ಯಾಂಕ್‌ನಲ್ಲಿ ಇದ್ದಿರಿ ನೋಡಿ. ಬ್ರಾಂಜ್‌ನಿಂದ ಗೋಲ್ಡ್‌ಗೆ ಬಂದೂ ಶೇ 51 ಉಳಿಸಿಕೊಂಡಿದ್ದರೆ ನೀವು ಚೆನ್ನಾಗಿಯೇ ಆಡುತ್ತಿದ್ದೀರಿ. ಅಲ್ಲೇ ನಿಂತಿದ್ದರೆ ಮೇಲೆ ಮೈಸೂರಿನವರಿಗೆ ಹೇಳಿದ ಕೆಲಸ ನಿಮಗೂ ಇದೆ.